ರಜೆಗೊಂದು ಉದ್ದನೆಯ ಹಗ್ಗ

ಪ್ರತಿವರ್ಷ ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ನನ್ನ ಹಳೆಯ ವಿದ್ಯಾರ್ಥಿನಿಯರಿಂದ ದೂರವಾಣಿ ಕರೆಗಳು ಬರತೊಡಗುತ್ತವೆ. ಮೊದಲು ಕ್ಷೇಮಸಮಾಚಾರ, ಆಮೇಲೆ ನನ್ನ ಮಂಡಿನೋವಿನ ವಿಚಾರಣೆ, ಕೊನೆಗೆ ವಿಷಯ: "ಮೇಡಂ, ಬೇಸಿಗೆ ರಜೆಯಲ್ಲಿ ಮಗುವನ್ನ ಏನು ಮಾಡೋದು?" ಹಿತ್ತಿಲಿನ ನುಗ್ಗೆಮರದಲ್ಲಿ ಕಾಯಿ ಅತಿಯಾದಾಗ ಏನು ಮಾಡುವುದೆಂದು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಧಾಟಿ.

ಕೇಳುವವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಬೇಸಿಗೆ ರಜೆಯೆಂಬುದು ನಿಜವಾಗಿಯೂ ಒಂದು ಸಂಕಟ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಏಪ್ರಿಲ್ 10 ಎಂದರೆ ಫಲಿತಾಂಶದ ದಿನ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ಮಗು ಮನೆಯದು. ಖಾಸಗಿ ಶಾಲೆಗಳಲ್ಲಿ ರಜೆ ಇನ್ನೂ ಮುಂಚೆ ಆರಂಭವಾಗುವುದುಂಟು. ಕಚೇರಿಗಳಿಗೆ ಮಾತ್ರ ಈ ಪಂಚಾಂಗ ಅನ್ವಯಿಸುವುದಿಲ್ಲ. ಹೀಗಾಗಿ ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು, 2024ರ ಬೇಸಿಗೆಯಲ್ಲಿ ನನ್ನ ಮೊಮ್ಮಗಳೊಂದಿಗೆ ಕಳೆದ ಆರು ವಾರಗಳ ವಿವರವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಇದು ಮಾದರಿಯೆಂದಲ್ಲ. ನಡೆದದ್ದು ಹೀಗೆ, ಅಷ್ಟೆ.

ಆ ವರ್ಷದ ಬೇಸಿಗೆ ನಿಮಗೆಲ್ಲ ನೆನಪಿರಬಹುದು. ಅದರ ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರೇ ಗತಿಯಾಗಿತ್ತು. ನನ್ನ ಮಗಳು ಇರುವ ವಸತಿ ಸಮುಚ್ಚಯದಲ್ಲಿ ದಿನಕ್ಕೆ ಎರಡೇ ಹೊತ್ತು ನಲ್ಲಿಯಲ್ಲಿ ನೀರು. "ಅಮ್ಮ, ಪುಟ್ಟೀನ ನಿನ್ನ ಹತ್ರ ಕಳಿಸ್ತೀನಿ, ಜೂನ್‌ನಲ್ಲಿ ಒಂದನೇ ಕ್ಲಾಸು" ಎಂದಳು. ಯುಗಾದಿ ಮುಗಿದ ನಾಲ್ಕನೆಯ ದಿನ, ಏಪ್ರಿಲ್ 13ರ ಶನಿವಾರ, ಆರು ವರ್ಷದ ಪುಟ್ಟಿ ಮೈಸೂರಿನ ನಮ್ಮ ಮನೆಗೆ ಬಂದಳು. ಅವಳ ಚೀಲದೊಂದಿಗೆ ಇನ್ನೆರಡು ವಸ್ತುಗಳು ಬಂದವು. ಒಂದು, ಅರವತ್ತು ಅಭ್ಯಾಸದ ಹಾಳೆಗಳ ಕಟ್ಟು. ಇನ್ನೊಂದು, ಬಣ್ಣದ ಚೌಕಗಳಲ್ಲಿ ಅಚ್ಚುಹಾಕಿಸಿದ ವೇಳಾಪಟ್ಟಿ. ಏಳಕ್ಕೆ ಏಳುವುದು, ಎಂಟಕ್ಕೆ ಇಂಗ್ಲಿಷ್, ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಚಿತ್ರಕಲೆ... ರಾತ್ರಿ ಎಂಟೂವರೆಯವರೆಗೆ ಒಂದು ಚೌಕವೂ ಖಾಲಿ ಇರಲಿಲ್ಲ. ಮೂವತ್ತಮೂರು ವರ್ಷ ಶಾಲೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದವಳು ನಾನು. ಆದರೂ ಇಷ್ಟು ಬಿಗಿಯಾದದ್ದನ್ನು ನೋಡಿರಲಿಲ್ಲ. ನಮ್ಮಲ್ಲಿ ಕನಿಷ್ಠಪಕ್ಷ ಆಟದ ಪೀರಿಯಡ್ಡು ಎಂದು ಒಂದಿರುತ್ತಿತ್ತು.

ಆದರೆ ಮಗಳ ಆತಂಕಕ್ಕೆ ಕಾರಣವಿತ್ತು. ಪುಟ್ಟಿಯ ಶಾಲೆಯಿಂದ ವರ್ಷಾಂತ್ಯಕ್ಕೆ ಬಂದ ವರದಿಯಲ್ಲಿ ಒಂದು ಮಾತು ಬರೆದಿದ್ದರು: ಮಗು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ತಾನಾಗಿ ಏನನ್ನೂ ಆರಂಭಿಸುವುದಿಲ್ಲ, ಹೇಳುವವರೆಗೆ ಕೈಕಟ್ಟಿ ಕಾಯುತ್ತದೆ. ಆ ಒಂದು ಸಾಲನ್ನು ಓದಿ ಮಗಳು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಜೂನ್‌ನಲ್ಲಿ ಯಾರಾದರೂ ತಜ್ಞರಿಗೆ ತೋರಿಸೋಣವೆಂದು ಅಳಿಯಂದಿರು, ಬೇಡ, ಇನ್ನೊಂದು ತರಗತಿಗೆ ಸೇರಿಸೋಣವೆಂದು ಮಗಳು. ಮನೆಯಲ್ಲಿ ಇದೇ ಮಾತು, ಮಗುವಿನ ಕಿವಿಗೂ ಬೀಳುವಂತೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಾಠ ಮಾಡುತ್ತಿದ್ದಾಗ ಮೂರನೆಯ ತರಗತಿಯ ಹುಡುಗನೊಬ್ಬ ಹಸು ಮೇಯಿಸುವ ವಿದ್ಯೆಯನ್ನು ನನಗೆ ವಿವರಿಸಿದ್ದ. "ಹಗ್ಗ ಗಿಡ್ಡ ಆದ್ರೆ ಹಸ ಗೂಟ ಸುತ್ಕೊಂಡು ನಿಂತ್ಕಬುಡ್ತದೆ ಮೇಡಂ. ಹಗ್ಗಾನೇ ಇಲ್ಲ ಅಂದ್ರೆ ಪಕ್ಕದೋರ ಹೊಲಕ್ಕೆ ನುಗ್ತದೆ. ಉದ್ದ ಹಗ್ಗ ಕಟ್ಟಿ ಗೂಟ ಭದ್ರ ಮಾಡ್ಬೇಕು." ಅದೇ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ, ನಿಮ್ಮಲ್ಲೇ ಕೆಲವರು ಆ ಕಲಿಕೆಯ ಏಣಿಯನ್ನು ಹತ್ತಿದವರು. ಎಲ್ಲರೂ ಒಂದೇ ಗಂಟೆಗೆ ಒಂದೇ ಪಾಠ ಓದಬೇಕೆಂಬ ನಿಯಮವನ್ನು ಅದು ಬಿಟ್ಟುಕೊಟ್ಟಿತು. ಮೆಟ್ಟಿಲುಗಳು ಮಾತ್ರ ಅಲ್ಲೇ ಇದ್ದವು. ಯಾರು ಯಾವ ದಿನ ಯಾವ ಮೆಟ್ಟಿಲಲ್ಲಿ ಇರಬೇಕೆಂಬುದು ಮಗುವಿನ ಗತಿಗೆ ಬಿಟ್ಟದ್ದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆ ಹುಡುಗ ಹೇಳಿದ್ದೂ ನಲಿ-ಕಲಿ ಹೇಳಿದ್ದೂ ನನ್ನ ಮಟ್ಟಿಗೆ ಒಂದೇ.

ಆದ್ದರಿಂದ ಪುಟ್ಟಿಯ ವೇಳಾಪಟ್ಟಿಯನ್ನು ಮಡಿಸಿ ದೇವರ ಗೂಡಿನ ಪಕ್ಕ ಇಟ್ಟೆ. ದಿನಕ್ಕೆ ಮೂರು ಗೂಟಗಳನ್ನು ಮಾತ್ರ ನೆಟ್ಟೆವು. ಬಿಸಿಲು ಏರುವ ಮುಂಚೆ ಹೊರಗಿನ ಓಡಾಟ; ಮಧ್ಯಾಹ್ನ ಊಟದ ನಂತರ ಒಂದರಿಂದ ಮೂರರವರೆಗೆ ಮನೆಯಲ್ಲಿ ಸದ್ದಿಲ್ಲ; ಸಂಜೆ ದೀಪ ಹಚ್ಚಿದ ಮೇಲೆ ಕಥೆ, ಮತ್ತು ಆ ದಿನದ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು. ಈ ಮೂರು ತಪ್ಪುವಂತಿಲ್ಲ, ನೆಂಟರು ಬಂದರೂ. ಉಳಿದ ಹೊತ್ತು ಅವಳದು.

ಬೆಳಗಿನ ಗೂಟ ಸುಲಭವಾಗಿತ್ತು. ಆರೂಕಾಲಕ್ಕೆ ಅವಳ ತಾತನೊಂದಿಗೆ ಹಾಲಿನ ಬೂತಿಗೆ, ಅಲ್ಲಿಂದ ಉದ್ಯಾನಕ್ಕೆ ಒಂದು ಸುತ್ತು. ಬಂದು ಕುಂಡಗಳಿಗೆ ನೀರು. ಬರಗಾಲವಾದ್ದರಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಬೇರೆ ಬಕೆಟ್ಟಿನಲ್ಲಿ ಕೂಡಿಟ್ಟು ಅದನ್ನೇ ಗಿಡಕ್ಕೆ ಹಾಕುವುದು ಅವಳ ಕೆಲಸ. ವಾರಕ್ಕೊಮ್ಮೆ ಎಲ್ಲಿಗಾದರೂ ಹೋಗುವುದೆಂದು ಇತ್ತು. ಕಾರಂಜಿ ಕೆರೆ, ಮೃಗಾಲಯ, ರೈಲ್ವೆ ವಸ್ತುಸಂಗ್ರಹಾಲಯ ಎಂದು ನಾವು ಲೆಕ್ಕ ಹಾಕಿಕೊಂಡಿದ್ದೆವು. ಅವಳು ಆರು ವಾರದಲ್ಲಿ ಮೂರು ಸಲ ರೈಲ್ವೆ ವಸ್ತುಸಂಗ್ರಹಾಲಯವನ್ನೇ ಕೇಳಿದಳು. ಮೂರು ಸಲವೂ ಅಲ್ಲಿಗೇ ಹೋದೆವು. ಹೊಸ ಜಾಗ ನೋಡಬೇಕೆಂಬುದು ದೊಡ್ಡವರ ಹಸಿವು. ಮಕ್ಕಳಿಗೆ ನೋಡಿದ್ದನ್ನೇ ಮತ್ತೆ ನೋಡಿ ತಮ್ಮದಾಗಿಸಿಕೊಳ್ಳುವ ಹಸಿವು. ಅದೇ ಕಥೆಯನ್ನು ಅದೇ ಪದಗಳಲ್ಲಿ ಹೇಳೆಂದು ಪೀಡಿಸುವುದೂ ಇದರಿಂದಲೇ.

ಕಷ್ಟವಿದ್ದದ್ದು ತಿಂಡಿಯಾದ ನಂತರ ಊಟದವರೆಗಿನ ಆ ಮೂರೂವರೆ ಗಂಟೆಗಳಲ್ಲಿ. "ಅಜ್ಜಿ, ಈಗ ಏನ್ ಮಾಡ್ಲಿ?" ಎಂದು ಬಂದು ನಿಲ್ಲುತ್ತಿದ್ದಳು. ಕೈಗಳೆರಡೂ ಹಿಂದಕ್ಕೆ, ಮುಖದಲ್ಲಿ ತುಂಟತನವಾಗಲಿ ಬೇಸರವಾಗಲಿ ಇಲ್ಲ; ಸರತಿಯಲ್ಲಿ ನಿಂತವರ ಮುಖ. ನೀನೇ ನೋಡಿಕೋ ಎಂದರೆ ಅರ್ಥವಾಗದೆ ನಿಂತೇ ಇರುತ್ತಿದ್ದಳು. ಮೂರನೆಯ ದಿನ ನಾನು ಎಣಿಸಿದೆ: ಒಂದು ಬೆಳಗಿನಲ್ಲಿ ಹತ್ತೊಂಬತ್ತು ಸಲ. ವರದಿ ಬರೆದ ಶಿಕ್ಷಕಿ ಸುಳ್ಳು ಬರೆದಿರಲಿಲ್ಲ. ಒಬ್ಬ ಶಿಕ್ಷಕಿಯಾಗಿ ನಾನು ಅದನ್ನು ಒಪ್ಪಿಕೊಳ್ಳಬೇಕು. ಆದರೆ ಎಳೆಯ ವಯಸ್ಸಿನಿಂದಲೂ ದಿನದ ಪ್ರತಿ ಅರ್ಧ ಗಂಟೆಯನ್ನೂ ಬೇರೆ ಯಾರೋ ತುಂಬಿಕೊಟ್ಟ ಮಗು ಕಾಯದೆ ಇನ್ನೇನು ಮಾಡೀತು? ಈ ಪ್ರಶ್ನೆಗೆ ನನ್ನ ಉತ್ತರ ಪ್ರತಿಸಲವೂ ಒಂದೇ ಇತ್ತು. "ಗೊತ್ತಿಲ್ಲ ಪುಟ್ಟಿ. ನಾನಂತೂ ಹುಣಸೆಹಣ್ಣು ಬಿಡಿಸ್ತಾ ಇದೀನಿ."

ಹೇಳುವುದು ಸುಲಭ, ಹಾಗೆ ಹೇಳಿ ಸುಮ್ಮನೆ ಕೂರುವುದು ಕಷ್ಟ. ಮಗು ಬೇಸರದಿಂದ ನಿಂತಿರುವಾಗ ಏನಾದರೂ ಹೇಳಿಕೊಡಬೇಕೆಂದು ಶಿಕ್ಷಕಿಯ ನಾಲಗೆ ತುರಿಸುತ್ತದೆ. ನಮ್ಮ ಯಜಮಾನರಂತೂ ಎರಡು ಸಲ ಟಿ.ವಿ. ಹಾಕಲು ಎದ್ದವರು ನನ್ನ ಮುಖ ನೋಡಿ ಕುಳಿತರು. ಟಿ.ವಿ.ಯಾಗಲಿ ಮೊಬೈಲಾಗಲಿ ಮನೆಯಲ್ಲಿ ನಿಷಿದ್ಧವಾಗಿರಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಮೊಬೈಲನ್ನು ಶಪಿಸುವುದು ನಮ್ಮ ವಯಸ್ಸಿನವರಿಗೆ ಒಂದು ಚಟ. ಶಪಿಸಿದ ಮಾತನ್ನು ಅದೇ ಮೊಬೈಲಿನಲ್ಲಿ ನಾಲ್ಕು ಜನರಿಗೆ ಕಳಿಸುವವರೂ ನಾವೇ. ಮೂರು ಗಂಟೆಗೆ ಎದ್ದಮೇಲೆ ಅರ್ಧ ಗಂಟೆ ಅವಳು ತನಗೆ ಬೇಕಾದುದನ್ನು ನೋಡುತ್ತಿದ್ದಳು, ರಾತ್ರಿ ಅಪ್ಪ ಅಮ್ಮನೊಂದಿಗೆ ವಿಡಿಯೋ ಮಾತು. ಆದರೆ "ಏನ್ ಮಾಡ್ಲಿ" ಎಂಬ ಪ್ರಶ್ನೆಗೆ ಅದು ಉತ್ತರವಾಗಕೂಡದು, ಅಷ್ಟೇ ನಮ್ಮ ಕಟ್ಟುಪಾಡು.

ಕೈಗೆ ಸಿಗುವಂತೆ ಒಂದಷ್ಟು ಸಾಮಾನು ಇಟ್ಟಿದ್ದೆ. ಹಳೆಯ ಮದುವೆಯ ಆಮಂತ್ರಣ ಪತ್ರಿಕೆಗಳು, ಸೀಮೆಸುಣ್ಣ, ಗೋಂದು, ಗುಂಡಿಗಳ ಡಬ್ಬಿ, ಕೀಲಿಕೈ ಕಳೆದ ಎರಡು ಬೀಗ, ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳು, ನನ್ನ ಎರಡು ಹಳೆಯ ನೂಲಿನ ಸೀರೆ. ಎಲ್ಲವನ್ನೂ ಒಂದು ಬಿದಿರಿನ ಬುಟ್ಟಿಯಲ್ಲಿ ಹಾಕಿ ನಡುಮನೆಯ ಮೂಲೆಯಲ್ಲಿ ಇಟ್ಟೆ. ಇದರಿಂದ ಇದನ್ನು ಮಾಡು ಎಂದು ಹೇಳಲಿಲ್ಲ. ಅವಳು ಮೊದಲು ಮುಟ್ಟಿದ್ದು ಬುಟ್ಟಿಯನ್ನಲ್ಲ, ನಾನು ಬಿಡಿಸಿ ಪಕ್ಕಕ್ಕೆ ಹಾಕುತ್ತಿದ್ದ ಹುಣಸೆಬೀಜಗಳನ್ನು. ಐದನೆಯ ದಿನವೋ ಆರನೆಯ ದಿನವೋ, ಬೇಸರ ತಡೆಯಲಾರದೆ ನನ್ನೆದುರು ಕುಳಿತು ಬೀಜಗಳನ್ನು ಸಾಲಾಗಿ ಜೋಡಿಸತೊಡಗಿದಳು. ಒಂದನ್ನು ಕಲ್ಲಿನ ಮೇಲೆ ಉಜ್ಜಿದರೆ ಕಪ್ಪು ಸಿಪ್ಪೆ ಹೋಗಿ ಬೆಳ್ಳಗಾಗುವುದನ್ನು ತೋರಿಸಿದೆ. ಉಜ್ಜಿದ ಬೀಜ ಬಿಸಿಯಾಗುತ್ತದೆಂಬುದನ್ನು ಅವಳೇ ಕಂಡುಕೊಂಡಳು. ನಿದ್ದೆಯ ಮಂಪರಿನಲ್ಲಿದ್ದ ತಾತನ ತೋಳಿಗೆ ಅದನ್ನು ಮುಟ್ಟಿಸಿ ಓಡಿಹೋದಳು. ಬಂದ ಮೇಲೆ ನಾನು ಕಂಡ ಅವಳ ಮೊದಲ ತುಂಟತನ ಅದು. ಚುರುಕ್ಕೆಂದ ತೋಳು ಉಜ್ಜಿಕೊಳ್ಳುತ್ತಲೇ ಯಜಮಾನರು ನಕ್ಕರು.

ಒಂದು ಕಡೆ ಉಜ್ಜಿದ ನಾಲ್ಕು ಬೀಜಗಳಿದ್ದರೆ ಚೌಕಾಬಾರಕ್ಕೆ ಕವಡೆ ಬೇಡ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಇಪ್ಪತ್ತೈದು ಮನೆ ಬರೆದು ಆಟ ಆರಂಭಿಸಿದೆವು. ಬಿಳಿ ಎಷ್ಟು ಮೇಲೆ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂದರೆ ಎಂಟು. ಒಂದು ವಾರದೊಳಗೆ ಅವಳು ಬೆರಳು ಮಡಿಸದೆ, "ಎಂಟು ಬಿದ್ರೆ ತಾತನ ಕಾಯಿ ಹೊಡೀಬಹುದು, ಮೂರು ಬಿದ್ರೆ ಕಟ್ಟೆಗೆ ಹೋಗಬಹುದು" ಎಂದು ಮುಂದಿನ ಲೆಕ್ಕ ಹಾಕುತ್ತಿದ್ದಳು. ಅಭ್ಯಾಸದ ಹಾಳೆಗಳಲ್ಲಿ ಅದೇ ಸಂಕಲನ ಆನೆ, ಮೊಲಗಳ ಚಿತ್ರದೊಂದಿಗೆ ಇತ್ತು. (ಮಣೆ ಆಟಗಳ ವಿಷಯದಲ್ಲಿ ನಮ್ಮ ಮೈಸೂರಿಗೆ ಸ್ವಲ್ಪ ಜಂಬ ಸಲ್ಲುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಡಿದ್ದಷ್ಟೇ ಅಲ್ಲ, ಹೊಸ ಆಟಗಳನ್ನೂ ರಚಿಸಿದವರು. ರಾಜ್ಯದ ಅಧಿಕಾರ ಬ್ರಿಟಿಷರ ಕೈಗೆ ಹೋದ ಮೇಲೆ ಮಹಾರಾಜರಿಗೆ ಬಿಡುವು ಬೇಕಾದಷ್ಟಿತ್ತಲ್ಲ!)

ರಾಮನವಮಿಯ ಮರುದಿನದಿಂದ ಮೂರು ದಿನ ಸಂಡಿಗೆ ಇಟ್ಟೆವು. ತಾರಸಿಯ ಮೇಲೆ ಪಂಚೆ ಹಾಸಿ, ಸೂರ್ಯ ಏರುವುದರೊಳಗೆ ಹಿಟ್ಟು ಹೊಯ್ಯುವುದು ನನ್ನ ಕೆಲಸ, ಕೊಡೆ ಹಿಡಿದು ಕಾಗೆ ಕಾಯುವುದು ಅವಳದು. ಕೆಲಸ ನಿಜವಾದದ್ದಾಗಿರಬೇಕು ಎಂಬುದು ನನ್ನ ಅನುಭವ. ಮಕ್ಕಳಿಗಾಗಿ ಹುಟ್ಟಿಸಿದ ಕೆಲಸವನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಕಾಗೆ ನಿಜ, ಸಂಡಿಗೆ ನಿಜ, ಕಾಯದಿದ್ದರೆ ನಷ್ಟವೂ ನಿಜ. ಎರಡನೆಯ ದಿನ ಅವಳು ಇರುವೆಗಳ ಸಾಲು ನೋಡುತ್ತ ಮೈಮರೆತಾಗ ಕಾಗೆ ಹನ್ನೊಂದು ಸಂಡಿಗೆ ಕಚ್ಚಿಕೊಂಡು ಹೋಯಿತು. ನಾವು ಏನೂ ಹೇಳಲಿಲ್ಲ. ಅಂದಿನ ನೋಟ್‌ಬುಕ್ಕಿನ ಸಾಲು ಅವಳು ಹೇಳಿ ನಾನು ಬರೆದದ್ದು: "ಇವತ್ತು ಕಾಗೆ ಗೆದ್ದಿತು."

ತಾರಸಿಯ ಮೇಲೆ ಇನ್ನೊಂದು ಆಟವೂ ನಡೆಯುತ್ತಿತ್ತು, ಅದು ತಾತ ಮೊಮ್ಮಗಳದು. ಬಟ್ಟೆ ಒಣಗಿಸುವ ತಂತಿ ಕಟ್ಟಿದ ಆರಡಿ ಕಂಬವಿದೆ. ನಮ್ಮ ಮೈಸೂರಿನಲ್ಲಿ ಆ ದಿನಗಳಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ. ಭಾರತದ ಗಡಿಯಾರಕ್ಕೆ ಆಧಾರವಾದ ರೇಖಾಂಶ ನಮಗಿಂತ ಪೂರ್ವದಲ್ಲಿದೆಯಲ್ಲ, ಅದಕ್ಕೆ. ಆ ಹೊತ್ತಿಗೆ ಇಬ್ಬರೂ ಟೋಪಿ, ಚಪ್ಪಲಿ ಹಾಕಿಕೊಂಡು ಎರಡೇ ನಿಮಿಷ ಮೇಲೆ ಹೋಗಿ ಕಂಬದ ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆದು, ಕೆಳಗಿಳಿದು ಮಜ್ಜಿಗೆ ಕುಡಿಯುವುದು. ಮೊದಲ ದಿನಗಳಲ್ಲಿ ನೆರಳು ಉತ್ತರಕ್ಕೆ ನಾಲ್ಕೈದು ಬೆರಳಷ್ಟಿತ್ತು. ದಿನದಿನಕ್ಕೆ ಕುಗ್ಗುತ್ತ ಬಂದು ಏಪ್ರಿಲ್ 22-23ರ ಹೊತ್ತಿಗೆ ಕಂಬದ ಬುಡದಲ್ಲೇ ಅಡಗಿಹೋಯಿತು. ಶೂನ್ಯ ನೆರಳಿನ ದಿನವೆಂದು ಈಗ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದೇ. ಬೆಂಗಳೂರಿಗೆ ಅದು ಒಂದೆರಡು ದಿನ ತಡವಾಗಿ ಬರುತ್ತದೆ. ಪುಟ್ಟಿ ಅಷ್ಟಕ್ಕೆ ಆಟ ಮುಗಿಯಿತೆಂದುಕೊಂಡಿದ್ದಳು. ಎರಡು ದಿನ ಬಿಟ್ಟು ಮೇಲೆ ಹೋದವಳು ಓಡಿ ಬಂದಳು. "ಅಜ್ಜಿ, ನೆರಳು ಆ ಕಡೆ ಹೋಗ್ಬಿಟ್ಟಿದೆ! ಚಾಮುಂಡಿ ಬೆಟ್ಟದ ಕಡೆಗೆ!" ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿದ್ದಾನೆ, ಮತ್ತೆ ಆಗಸ್ಟಿನಲ್ಲಿ ಇದೇ ದಾರಿಯಲ್ಲಿ ವಾಪಸು ಬರುತ್ತಾನೆ ಎಂದು ಅವಳ ತಾತ ವಿವರಿಸಿದರು. ವಿವರಣೆ ಅವಳಿಗೆಷ್ಟು ತಲುಪಿತೋ ತಿಳಿಯದು, ವಾಪಸು ಬರುತ್ತಾನೆಂಬುದು ಮಾತ್ರ ತಲುಪಿತ್ತು.

ಏಪ್ರಿಲ್ 26ರಂದು ಲೋಕಸಭಾ ಚುನಾವಣೆಗೆ ನಮ್ಮಲ್ಲಿ ಮತದಾನ. ಬೆಳಗ್ಗೆ ಏಳಕ್ಕೇ ಅವಳನ್ನೂ ಕರೆದುಕೊಂಡು ಹೋದೆವು. ಸಾಲು, ಪೊಲೀಸರು, ಪಟ್ಟಿಯಲ್ಲಿ ಹೆಸರು ಹುಡುಕುವುದು, ಎಡಗೈ ತೋರುಬೆರಳಿಗೆ ಶಾಯಿ ಇವನ್ನೆಲ್ಲ ನೋಡಿದಳು. ಆ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಆರಂಭವಾದ ಬಣ್ಣ-ಅರಗಿನ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಹೋಗುತ್ತದೆ ಎಂದು ಹೇಳಿದೆ. ತನ್ನ ಬೆರಳಿಗೂ ಬೇಕೆಂದಳು. ಹದಿನೆಂಟು ವರ್ಷವಾಗಬೇಕೆಂದರು. ದಾರಿಯುದ್ದಕ್ಕೂ ಮಾತಿಲ್ಲ.

ಮರುದಿನ ಬೆಳಗ್ಗೆ ತಿಂಡಿ ಮುಗಿಸಿ ಹುಣಸೆಹಣ್ಣು ಮುಂದಿಟ್ಟುಕೊಂಡು ಕುಳಿತೆ. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. "ಏನ್ ಮಾಡ್ಲಿ" ಎಂಬ ಪ್ರಶ್ನೆ ಬರಲಿಲ್ಲ. ನಡುಮನೆಯಿಂದ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಎದ್ದು ನೋಡಬೇಕೆಂಬ ಆಸೆಯನ್ನು ಅದುಮಿಕೊಂಡು ಕುಳಿತೇ ಇದ್ದೆ; ಆ ಒಂದು ಗಂಟೆಯಷ್ಟು ದೀರ್ಘವಾದ ಪೀರಿಯಡ್ಡನ್ನು ನಾನು ಕಂಡಿಲ್ಲ. ಹನ್ನೊಂದರ ಮೇಲೆ ಅವಳೇ ಬಂದು, "ಅಜ್ಜಿ, ಚೀಟಿ ತಗೊಂಡು ಬನ್ನಿ, ಮತದಾನ" ಎಂದಳು. ನನ್ನ ಹಳೆಯ ಸೀರೆಯೊಂದು ಕುರ್ಚಿಗಳ ನಡುವೆ ಮರೆಯಾಗಿ ನಿಂತಿತ್ತು. ಚಪ್ಪಲಿ ಪೆಟ್ಟಿಗೆಗೆ ಸೀಳು ಮಾಡಿ ಮತಪೆಟ್ಟಿಗೆ. ವಿಷಯ: ಭಾನುವಾರದ ತಿಂಡಿ ಏನಾಗಬೇಕು? ಅಭ್ಯರ್ಥಿಗಳು ದೋಸೆ, ಇಡ್ಲಿ, ಉಪ್ಪಿಟ್ಟು. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಮೂರಕ್ಕೂ ಚಿಹ್ನೆ ಬರೆದಿದ್ದಳು. ಕನ್ನಡದಲ್ಲಿ ಹೆಸರು ಬರೆಯಲು ಅವಳಿಗೆ ಬರುತ್ತಿರಲಿಲ್ಲ. "ದೋಸೆ ಹೇಗ್ ಬರೀಬೇಕು ಅಜ್ಜಿ?" ಎಂದು ಕೇಳಿ ಬರೆಸಿಕೊಂಡಳು. ಕನ್ನಡ ಅಕ್ಷರವನ್ನು ಅವಳು ತಾನಾಗಿ ಕೇಳಿದ್ದು ಅದೇ ಮೊದಲು. ಒತ್ತಕ್ಷರ ಬೇಕಾಗುತ್ತದೆಂದು ಗೊತ್ತಾದಾಗ ಉಪ್ಪಿಟ್ಟನ್ನು ಚುನಾವಣೆಯಿಂದ ಕೈಬಿಡುವ ಯೋಚನೆಯೂ ಬಂದಿತ್ತು.

ಬೆರಳಿಗೆ ಬೀಟ್‌ರೂಟ್ ರಸ. ನಾವಿಬ್ಬರು, ಪಕ್ಕದ ಮನೆಯ ಅಕ್ಕ ಮತ್ತು ಅವರ ಇಬ್ಬರು ಹುಡುಗರು, ಹೂವು ಕೊಡುವಾಕೆ, ಇಸ್ತ್ರಿಯವರು ಮತ್ತು ಪುಟ್ಟಿ, ಒಟ್ಟು ಎಂಟು ಮತದಾರರು. ಸಂಜೆ ಎಣಿಕೆ. ದೋಸೆಗೆ ಐದು, ಇಡ್ಲಿಗೆ ಎರಡು, ಉಪ್ಪಿಟ್ಟಿಗೆ ಎರಡು. ಅವಳು ಚೀಟಿಗಳನ್ನು ಮತ್ತೊಮ್ಮೆ ಎಣಿಸಿದಳು. ಹುಬ್ಬು ಗಂಟಿಕ್ಕಿತು. "ಎಂಟು ಜನ, ಒಂಬತ್ತು ಚೀಟಿ ಹೇಗೆ?" ನಮ್ಮ ಯಜಮಾನರು ಕಿಟಕಿಯ ಹೊರಗೆ ನೋಡುತ್ತಿದ್ದರು. ಬೀಟ್‌ರೂಟ್ ರಸ ಸೋಪಿಗೆ ಹೋಗುತ್ತದೆಂಬ ಸತ್ಯ ಆಗ ಹೊರಬಿತ್ತು. ಉಪ್ಪಿಟ್ಟಿನ ಆ ಎರಡೂ ಮತ ಒಂದೇ ಕೈಯವು. ಮುಂದಿನ ವಾರದ ಚುನಾವಣೆಗೆ ಅವಳು ಮತದಾರರ ಪಟ್ಟಿ ಮಾಡಿದಳು. ಎಂಟು ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಮೂರು ದಿನ ಹಿಡಿಯಿತು. ತಾತನ ಹೆಸರಿನ ಮುಂದೆ ಒಂದು ನಕ್ಷತ್ರದ ಗುರುತೂ ಬಿತ್ತು. ಅಲ್ಲಿಂದ ಮುಂದೆ ಬೆಳಗಿನ ಹೊತ್ತು ನನಗೆ ಬಿಡುವು ಸಿಕ್ಕಿತು. ಸೀರೆಯ ಮರೆ ಮತಗಟ್ಟೆಯಿಂದ ರೈಲು ನಿಲ್ದಾಣವಾಯಿತು, ಆಸ್ಪತ್ರೆಯಾಯಿತು, ಮೇ ತಿಂಗಳಲ್ಲಿ ಮಳೆ ಬಂದಾಗ ಹಡಗಾಯಿತು. ನಡುನಡುವೆ ಏನೂ ಮಾಡದೆ ಮಲಗಿ ಫ್ಯಾನು ನೋಡುವುದೂ ಇತ್ತು. ಒಂದು ಸಂಜೆ ನೋಟ್‌ಬುಕ್ಕಿಗೆ ಹೇಳಿದ ಸಾಲು: "ಇವತ್ತು ಏನೂ ಆಗಲಿಲ್ಲ. ಚೆನ್ನಾಗಿತ್ತು."

ಹಳ್ಳಿಯ ಮಕ್ಕಳಿಗೆ ಇಂಥ ಬೇಸಿಗೆ ತಾನಾಗಿಯೇ ಸಿಗುತ್ತಿತ್ತಲ್ಲವೇ ಎಂದು ನಿಮ್ಮಲ್ಲಿ ಕೆಲವರು ಬರೆಯುವಿರಿ, ನನಗೆ ಗೊತ್ತು. ಸಿಗುತ್ತಿತ್ತು, ಎಲ್ಲರಿಗೂ ಅಲ್ಲ. ಕೆರೆಯಲ್ಲಿ ಈಜಿ, ಮಾವಿನಕಾಯಿ ಕದ್ದು ಜೂನ್‌ನಲ್ಲಿ ಕಪ್ಪಗಾಗಿ ಬರುತ್ತಿದ್ದವರು ನೀವಿದ್ದಿರಿ. ಇಟ್ಟಿಗೆ ಗೂಡಿನಲ್ಲಿ ಅಪ್ಪ ಅಮ್ಮನೊಂದಿಗೆ ದುಡಿದು ಕೈ ಒರಟಾಗಿ ಬರುತ್ತಿದ್ದವರೂ ನೀವೇ. 2024ರ ಆ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಬಡಿಸಿದರು. ಎಷ್ಟೋ ಮಕ್ಕಳಿಗೆ ರಜೆಯ ಭದ್ರವಾದ ಗೂಟವೆಂದರೆ ಆ ಒಂದು ಊಟ. ಮನೆಯಲ್ಲಿ ಇಬ್ಬರು ನಿವೃತ್ತರು ಬಿಡುವಾಗಿದ್ದು ಒಂದು ಮಗುವಿನ ಬೇಸರವನ್ನು ಕಾಯುವುದು ದೊಡ್ಡ ಅನುಕೂಲವೆಂಬುದನ್ನು ನಾನು ಮರೆತಿಲ್ಲ.

ಅಜ್ಜಿ ತಾತ ಇಲ್ಲದ ಮನೆಯವರು ಏನು ಮಾಡಬೇಕು? ಶಿಬಿರಗಳ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ರಂಗಾಯಣದ ಚಿಣ್ಣರ ಮೇಳದಿಂದ ಅರಳಿ ಬಂದ ಮಕ್ಕಳನ್ನು ಕಂಡಿದ್ದೇನೆ. ಆದರೆ ಬೆಳಗ್ಗೆ ಶಿಬಿರ, ಮಧ್ಯಾಹ್ನ ಈಜು, ಸಂಜೆ ಕೀಬೋರ್ಡ್ ಎಂದು ಮೂರನ್ನೂ ಹೊರಿಸಬೇಡಿ. ಒಂದಕ್ಕೆ ಕಳಿಸಿ, ಉಳಿದ ಹೊತ್ತನ್ನು ಖಾಲಿ ಬಿಡಿ. ನನ್ನ ಇಬ್ಬರು ವಿದ್ಯಾರ್ಥಿನಿಯರು ಒಂದೇ ಬಡಾವಣೆಯಲ್ಲಿದ್ದಾರೆ. ರಜೆ ಹಾಕುವ ದಿನಗಳನ್ನು ಹಂಚಿಕೊಂಡು ಇಬ್ಬರ ಮಕ್ಕಳನ್ನೂ ಸರದಿಯಲ್ಲಿ ನೋಡಿಕೊಳ್ಳುತ್ತಾರೆ. ಅದೂ ಆಗದಿದ್ದರೆ ಭಾನುವಾರದ ಮೂರು ಗಂಟೆಯಾದರೂ ಸಾಕು. ಆ ಮೂರು ಗಂಟೆ ನೀವು ಹತ್ತಿರದಲ್ಲೇ ಕುಳಿತು ನಿಮ್ಮ ಕೆಲಸ ಮಾಡಿಕೊಳ್ಳಿ. ಮೊದಲ ಭಾನುವಾರಗಳು ಕಿರಿಕಿರಿಯವು. ಇನ್ನು ಓದಿದ್ದೆಲ್ಲ ಮರೆತುಹೋಗುತ್ತದೆಂಬ ಭಯ. ಮರೆಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ಜೂನ್ ತಿಂಗಳಲ್ಲಿ 'ಸೇತುಬಂಧ' ನಡೆಸುವುದೇ ಅದಕ್ಕೆ. ರಜೆಯಲ್ಲಿ ಮರೆತದ್ದನ್ನು ನೆನಪಿಸುವುದು ಶಾಲೆಯ ಕೆಲಸ, ಅದಕ್ಕಾಗಿ ರಜೆಯನ್ನೇ ಶಾಲೆ ಮಾಡಬೇಕಿಲ್ಲ.

ಮೇ 25ಕ್ಕೆ ಮಗಳು ಕರೆದುಕೊಂಡು ಹೋಗಲು ಬಂದಳು. ಮೊದಲು ನೋಡಿದ್ದು ಅಭ್ಯಾಸದ ಹಾಳೆಗಳ ಕಟ್ಟನ್ನು. ಅರವತ್ತರಲ್ಲಿ ಹದಿನಾಲ್ಕು ಆಗಿದ್ದವು; ಇನ್ನಾರರ ಹಿಂಬದಿಯಲ್ಲಿ ಮತಚೀಟಿಗಳನ್ನು ಮಾಡಲಾಗಿತ್ತು. ಅವಳ ಮುಖ ಬಾಡಿತು. "ಅಮ್ಮ, ನೀನು ಟೀಚರ್ ಆಗಿ..." ಎಂದಳು, ಮುಂದೆ ಹೇಳಲಿಲ್ಲ. ನಾನೂ ವಾದಕ್ಕೆ ಹೋಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ನೋಟ್‌ಬುಕ್ಕನ್ನು ಓದುತ್ತ ಕುಳಿತಿದ್ದಳು. ಮೊದಲ ಪುಟಗಳು ನನ್ನ ಕೈಬರಹದವು. ಮೇ ಎರಡನೆಯ ವಾರದಿಂದ ಅಕ್ಷರಗಳು ದೊಡ್ಡವಾಗಿ ವಾಲಿಕೊಂಡು ಪುಟ್ಟಿಯವೇ. "ಇದು ಬೆಂಗಳೂರಿನ ಎರಡು ಕೋಣೆ ಮನೇಲಿ ಆಗುತ್ತಾಮ್ಮ?" ಎಂದು ಕೇಳಿದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಬೆಳಗ್ಗೆ ಹೊರಡುವಾಗ ಒಂದು ಡಬ್ಬಿಯಲ್ಲಿ ಸಂಡಿಗೆ, ಇನ್ನೊಂದು ಡಬ್ಬಿಯಲ್ಲಿ ಹುಣಸೆಬೀಜ ಕಟ್ಟಿಕೊಟ್ಟೆ.

ತಜ್ಞರ ಮಾತು ಜೂನ್‌ನಲ್ಲಿ ಬರಲಿಲ್ಲ, ಜುಲೈನಲ್ಲೂ ಬರಲಿಲ್ಲ. ಶಾಲೆ, ಚಿತ್ರಕಲೆ, ಕೀಬೋರ್ಡ್ ಎಲ್ಲ ಮತ್ತೆ ಆರಂಭವಾಗಿವೆಯೆಂದು ಮಾತ್ರ ತಿಳಿಯಿತು. ಭಾನುವಾರ ಬೆಳಗ್ಗೆ ಏನನ್ನೂ ಇಟ್ಟುಕೊಂಡಿಲ್ಲವೆಂದು ಅಳಿಯಂದಿರು ಒಮ್ಮೆ ಮಾತಿನ ನಡುವೆ ಹೇಳಿದರು. ಆಗಸ್ಟ್ 18, ಅದೂ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ ದೂರವಾಣಿ ಬಂತು. ಮಗಳದಿರಬೇಕೆಂದು ಎತ್ತಿಕೊಂಡರೆ ಪುಟ್ಟಿಯ ಏದುಸಿರು. ಮಹಡಿ ಇಳಿದು ಓಡಿಬಂದಿದ್ದಳೆಂದು ಕಾಣುತ್ತದೆ.

"ಅಜ್ಜಿ, ತಾತನಿಗೆ ಹೇಳಿ. ಅಪ್ಪನ್ನ ಕರ್ಕೊಂಡು ತಾರಸಿಗೆ ಹೋಗಿದ್ದೆ. ಕೋಲು ನಿಲ್ಸಿದ್ವಿ. ಆದ್ರೆ ಇಲ್ಲಿ ಪೂರ್ತಿ ಮೋಡ. ಯಾವುದಕ್ಕೂ ನೆರಳೇ ಇಲ್ಲ. ಇದು ಲೆಕ್ಕಕ್ಕೆ ಬರುತ್ತಾ?"